ಇರಾನಿನ ಷಾ: ಅಷ್ಟು ದೊಡ್ಡ ಸೈನ್ಯ ಇದ್ದೂ ಒಂದೇ ವರ್ಷದಲ್ಲಿ ಸಿಂಹಾಸನ ಉರುಳಿದ್ದು ಹೇಗೆ?

ಕಲ್ಪತರುನಾಡು
1978ರ ಜನವರಿಯಲ್ಲಿ ಇರಾನಿನ ದೊರೆ ಮೊಹಮ್ಮದ್ ರೆಜಾ ಪಹ್ಲವಿಯನ್ನು ಅಲ್ಲಾಡಿಸುವವರು ಯಾರೂ ಇರಲಿಲ್ಲ ಅಂತಲೇ ಎಲ್ಲರೂ ನಂಬಿದ್ದರು. ಹತ್ತಿರ ಹತ್ತಿರ 4 ಲಕ್ಷ ಸೈನ್ಯ. ಅಮೆರಿಕ ಬಿಟ್ಟರೆ ಎಫ್-14 ಯುದ್ಧವಿಮಾನ ಇದ್ದ ಒಂದೇ ದೇಶ. ಸಾವಾಕ್ ಅನ್ನುವ ಗುಪ್ತ ಪೊಲೀಸ್ ದಳ. 1973ರ ಕೊನೆಗೆ ಎಣ್ಣೆ ಬೆಲೆ ನಾಲ್ಕು ಪಟ್ಟು ಏರಿ ಬೊಕ್ಕಸ ತುಂಬಿ ತುಳುಕುತ್ತಿತ್ತು. 1977ರ ಡಿಸೆಂಬರ್ 31ರ ರಾತ್ರಿ ಟೆಹರಾನಿನ ಔತಣದಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಇರಾನನ್ನು ಸ್ಥಿರತೆಯ ದ್ವೀಪ ಅಂತ ಹೊಗಳಿದ್ದರು.

ಮುಂದಿನ ವರ್ಷ, 1979ರ ಜನವರಿ 16ಕ್ಕೆ ಅದೇ ದೊರೆ ವಿಮಾನ ಹತ್ತಿ ದೇಶ ಬಿಟ್ಟ. ಫೆಬ್ರವರಿ 11ಕ್ಕೆ ಅರಸೊತ್ತಿಗೆಯೇ ಮುಗಿಯಿತು.

ಎಲ್ಲಿ ಕೇಳಿದರೂ ಒಂದೇ ಉತ್ತರ: ಮುಲ್ಲಾಗಳು ಜನರನ್ನು ಎಬ್ಬಿಸಿದರು, ಷಾ ಓಡಿಹೋದ. ನನಗೆ ಇದು ಸಾಲದು ಅನ್ನಿಸುತ್ತೆ. ಬರೀ ಭಾಷಣಕ್ಕೆ ಬೀಳುವ ಸಿಂಹಾಸನ ಆಗಿದ್ದರೆ 1963ರಲ್ಲೇ ಬೀಳಬೇಕಿತ್ತು. ಆಗಲೂ ಷಾನನ್ನು ವಿರೋಧಿಸಿದ ಧರ್ಮಗುರು ಖೊಮೇನಿಯನ್ನು ಬಂಧಿಸಿದಾಗ ಜನ ಬೀದಿಗೆ ಬಂದಿದ್ದರು, ಸೈನ್ಯ ಗುಂಡು ಹಾರಿಸಿ ಅಡಗಿಸಿತ್ತು. 15 ವರ್ಷದಲ್ಲಿ ಏನು ಬದಲಾಯಿತು? ಓದಿಕೊಂಡವರು ಹೇಳಿ.

ಹಳೇಪೇಟೆ
ಬಜಾರ್ ಬದಲಾಯಿತು. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ.

ಎಣ್ಣೆ ದುಡ್ಡು ಒಮ್ಮೆಗೇ ಸುರಿದಾಗ ಬೆಲೆಗಳು ಏರಿದವು. ಟೆಹರಾನಿನಲ್ಲಿ ಮನೆ ಬಾಡಿಗೆ ಕೈಗೆ ಸಿಗದಂತಾಯಿತು. ಷಾ ಏನು ಮಾಡಿದ? ತಪ್ಪೆಲ್ಲ ಅಂಗಡಿಯವರದ್ದು ಅಂದ. 1975ರಲ್ಲಿ ಸುಮಾರು 10 ಸಾವಿರ ವಿದ್ಯಾರ್ಥಿಗಳನ್ನು ಬೆಲೆ ತಪಾಸಣೆ ಅಂತ ಅಂಗಡಿ ಅಂಗಡಿಗೆ ಬಿಟ್ಟರು. ಸಾವಿರಾರು ವ್ಯಾಪಾರಿಗಳಿಗೆ ದಂಡ, ಜೈಲು, ಊರಿಂದ ಹೊರಗೆ. ಅದೇ ವರ್ಷ ಇದ್ದ ಪಕ್ಷಗಳನ್ನೆಲ್ಲ ಮುಚ್ಚಿ ರಸ್ತಾಖೀಜ್ ಅನ್ನುವ ಒಂದೇ ಪಕ್ಷ ಮಾಡಿದರು. ಇಷ್ಟವಿಲ್ಲದವರು ಪಾಸ್‌ಪೋರ್ಟ್ ತೆಗೆದುಕೊಂಡು ದೇಶ ಬಿಡಬಹುದು ಅಂತ ದೊರೆಯೇ ಹೇಳಿದ.

ಬಜಾರ್ ಅಂದರೆ ಬರೀ ಅಂಗಡಿ ಸಾಲಲ್ಲ. ಮಸೀದಿಗೆ ದೇಣಿಗೆ, ಮದರಸಾಕ್ಕೆ ಖರ್ಚು, ಬಡ ಹುಡುಗಿಯ ಮದುವೆಗೆ ಸಾಲ, ಎಲ್ಲವೂ ಅಲ್ಲಿಂದಲೇ. ಆ ಜನರನ್ನು ಎದುರು ಹಾಕಿಕೊಂಡ ಮೇಲೆ ಮುಷ್ಕರ ನಿಧಿಗೆ ದುಡ್ಡು ಎಲ್ಲಿಂದ ಬಂತು ಅಂತ ಕೇಳುವ ಅಗತ್ಯವೇ ಇಲ್ಲ.

ನದಿದಂಡೆ
1975! ನಮ್ಮಲ್ಲಿ ತುರ್ತು ಪರಿಸ್ಥಿತಿ, ಅಲ್ಲಿ ಏಕಪಕ್ಷ. ಎಂಥ ವರ್ಷ.

ಜೋಯಿಸ್_ಇತಿಹಾಸ
ಹಳೇಪೇಟೆ ಅವರು ಹೇಳಿದ್ದು ಸರಿ, ಆದರೆ ಬೇರು ಇನ್ನೂ ಆಳದಲ್ಲಿದೆ. 1953 ಇಲ್ಲದೆ 1979 ಅರ್ಥವಾಗುವುದಿಲ್ಲ. ಪ್ರಧಾನಿ ಮೊಸಾದೆಗ್ 1951ರಲ್ಲಿ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದರು. ಅಲ್ಲಿಯವರೆಗೆ ಲಾಭದ ದೊಡ್ಡ ಪಾಲು ಬ್ರಿಟಿಷ್ ಕಂಪನಿಗೆ ಹೋಗುತ್ತಿತ್ತು. 1953ರ ಆಗಸ್ಟ್ 19ರಂದು ಸಿಐಎ ಮತ್ತು ಬ್ರಿಟಿಷ್ ಗುಪ್ತಚರರು ಸೇರಿ ಅವರನ್ನು ಇಳಿಸಿದರು. ಆ ವಾರ ರೋಮ್‌ಗೆ ಓಡಿಹೋಗಿದ್ದ ಷಾ ವಾಪಸ್ ಬಂದು ಕೂತ. ಅವತ್ತಿನಿಂದ ಆತ ಪರದೇಶದವರು ಕೂರಿಸಿದ ದೊರೆ. ಆ ಕಳಂಕ ಯಾವ ರಸ್ತೆ ಹಾಕಿಸಿದರೂ, ಯಾವ ಅಣೆಕಟ್ಟು ಕಟ್ಟಿಸಿದರೂ ಹೋಗಲಿಲ್ಲ.

ಅವನ ಅಪ್ಪನದೂ ಹೆಚ್ಚು ಕಡಿಮೆ ಅದೇ ಕತೆ. ರೆಜಾ ಖಾನ್ ಕೊಸಾಕ್ ದಳದ ಅಧಿಕಾರಿ. 1921ರಲ್ಲಿ ಸೈನಿಕ ದಂಗೆ, 1925ರಲ್ಲಿ ದೊರೆ. 1941ರಲ್ಲಿ ಬ್ರಿಟನ್ ಮತ್ತು ಸೋವಿಯತ್ ಸೈನ್ಯ ನುಗ್ಗಿ ಅವನನ್ನು ಇಳಿಸಿ ಮಗನನ್ನು ಕೂರಿಸಿದವು. 2500 ವರ್ಷದ ಚಕ್ರಾಧಿಪತ್ಯ ಅಂತ ಮಗ ಹೇಳಿಕೊಂಡರೂ ಆ ವಂಶಕ್ಕೆ ಆಗಿದ್ದು ಬರೀ 54 ವರ್ಷ.

ಮಲ್ಲಿಗೆಹಳ್ಳಿ
2500 ವರ್ಷದ ಮಾತು ಬಂತಲ್ಲ. 1971ರಲ್ಲಿ ಪರ್ಸೆಪೊಲಿಸ್‌ನ ಹಾಳು ಅರಮನೆಯ ಮುಂದೆ ಡೇರೆಗಳ ಊರನ್ನೇ ಕಟ್ಟಿಸಿದ. ಅಡುಗೆ ಪ್ಯಾರಿಸ್‌ನ ಮ್ಯಾಕ್ಸಿಮ್ಸ್ ಹೋಟೆಲಿಂದ. ದೇಶ ದೇಶದ ರಾಜರು, ಅಧ್ಯಕ್ಷರು ಬಂದು ಉಂಡು ಹೋದರು.

ನನಗೆ ಅದಕ್ಕಿಂತ ಜಾಸ್ತಿ ಕೋಪ ಬರುವುದು ಕ್ಯಾಲೆಂಡರ್ ವಿಷಯಕ್ಕೆ. 1976ರಲ್ಲಿ ಒಂದೇ ಆಜ್ಞೆಗೆ ಇರಾನಿನ 1355ನೇ ಇಸವಿ 2535 ಆಯಿತು. ಲೆಕ್ಕ ಪ್ರವಾದಿಯಿಂದ ಅಲ್ಲ, 2500 ವರ್ಷ ಹಿಂದಿನ ಸೈರಸ್ ದೊರೆಯಿಂದ. ಹುಟ್ಟಿದ ದಿನ, ಮದುವೆ ಪತ್ರ, ಸಾಲದ ಕಾಗದ, ಎಲ್ಲದರ ಮೇಲೂ ಹೊಸ ಇಸವಿ. ಅಕ್ಷರ ಬಾರದ ರೈತನಿಗೂ ಅದು ಮುಟ್ಟಿತು. 1978ರ ಆಗಸ್ಟ್‌ನಲ್ಲಿ ಗಾಬರಿಯಾಗಿ ಹಳೇ ಲೆಕ್ಕಕ್ಕೆ ವಾಪಸ್ ಬಂದರು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಸಾಸಿವೆಕಾಳು
ಎಲ್ಲರೂ ಷಾನ ತಪ್ಪುಗಳನ್ನೇ ಎಣಿಸುತ್ತಿದ್ದೀರಿ. ಹೆಂಗಸರಿಗೆ 1963ರಲ್ಲಿ ಮತದ ಹಕ್ಕು, ಭೂಸುಧಾರಣೆ, ಹಳ್ಳಿಗೆ ಹೋಗಿ ಅಕ್ಷರ ಕಲಿಸುವ ದಳ, 1967ರಲ್ಲಿ ಕುಟುಂಬ ರಕ್ಷಣಾ ಕಾನೂನು. ಇವೆಲ್ಲ ಸುಳ್ಳಾ? ಬಂದವರು ಇದಕ್ಕಿಂತ ಒಳ್ಳೆಯದು ಏನು ಕೊಟ್ಟರು?

ಹಳೇಪೇಟೆ
ಸುಳ್ಳಲ್ಲ. ಆದರೆ ಪ್ರಶ್ನೆ ಷಾ ಒಳ್ಳೆಯವನೋ ಕೆಟ್ಟವನೋ ಅಂತ ಅಲ್ಲ. ಬಿದ್ದಿದ್ದು ಹೇಗೆ ಅಂತ. ಭೂಸುಧಾರಣೆಯನ್ನೇ ತೆಗೆದುಕೊಳ್ಳಿ. ಎಷ್ಟೋ ಜನರಿಗೆ ಸಿಕ್ಕಿದ್ದು ಹೊಟ್ಟೆ ತುಂಬದಷ್ಟು ಚೂರು ಭೂಮಿ. ಕೂಲಿಗಳಿಗೆ ಅದೂ ಇಲ್ಲ. ಅವರೆಲ್ಲ ಟೆಹರಾನಿನ ದಕ್ಷಿಣದ ಕೊಳೆಗೇರಿಗೆ ಬಂದರು. ಅಲ್ಲಿ ಅವರನ್ನು ಮಾತಾಡಿಸಿದ್ದು ಮಸೀದಿ ಒಂದೇ. ಪಕ್ಷ ಇಲ್ಲ, ಸಂಘ ಇಲ್ಲ, ಪತ್ರಿಕೆ ಇಲ್ಲ. ಎಲ್ಲ ಬಾಗಿಲು ಮುಚ್ಚಿದವನೂ ಷಾನೇ, ಮಸೀದಿ ಬಾಗಿಲು ಮಾತ್ರ ಮುಚ್ಚಲಾಗಲಿಲ್ಲ.

ಮುದಗಲ್_ಹುಡುಗ
1978ರ ಘಟನೆಗಳು ನಡೆದ ಕ್ರಮ ನೋಡಿ, ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತೆ.

ಜನವರಿ 7ಕ್ಕೆ ಎತ್ತೆಲಾತ್ ಪತ್ರಿಕೆಯಲ್ಲಿ ಖೊಮೇನಿಯನ್ನು ಹೀನಾಯವಾಗಿ ಬೈದು ಒಂದು ಲೇಖನ ಬಂತು. ಜನವರಿ 9ಕ್ಕೆ ಖುಮ್ ಪಟ್ಟಣದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಸತ್ತವರಿಗೆ ನಲವತ್ತನೇ ದಿನ ಶೋಕ ಆಚರಿಸಬೇಕು. ಲೆಕ್ಕ ಹಾಕಿ: ಫೆಬ್ರವರಿ 18. ಅವತ್ತು ತಬ್ರೀಜ್‌ನಲ್ಲಿ ಗಲಭೆ, ಅಲ್ಲೂ ಸಾವು. ಅದರ ನಲವತ್ತಕ್ಕೆ ಮಾರ್ಚ್ ಕೊನೆಯಲ್ಲಿ ಯಜ್ದ್‌ನಲ್ಲಿ ಮೆರವಣಿಗೆ, ಅಲ್ಲೂ ಗುಂಡು. ಹೀಗೆ ಪ್ರತಿ ಸಾವೂ ಮುಂದಿನ ಮೆರವಣಿಗೆಯ ತಾರೀಖು ಗೊತ್ತು ಮಾಡಿಬಿಟ್ಟಿತು. ಕರಪತ್ರ ಹಂಚುವ ಕೆಲಸವೇ ಇರಲಿಲ್ಲ. ಯಾವತ್ತು ಸೇರಬೇಕು ಅಂತ ಪ್ರತಿ ಮನೆಗೂ ಗೊತ್ತಿತ್ತು.

ಆಮೇಲೆ ಡಿಸೆಂಬರ್‌ನಲ್ಲಿ ಮೊಹರಂ ಬಂತು. ನಮ್ಮ ರಾಯಚೂರು ಕಡೆ ಅಲಾಯಿ ದೇವರು ಕೂತಾಗ ಹಿಂದೂಗಳೇ ಮುಂದೆ ನಿಂತು ಕರ್ಬಲಾದ ಪದ ಹಾಡುತ್ತಾರೆ. ಯಜೀದ್ ಅಂದರೆ ಯಾರು, ಹುಸೇನ್ ಅಂದರೆ ಯಾರು ಅಂತ ಕುರಿ ಕಾಯುವ ಹುಡುಗನಿಗೂ ಗೊತ್ತು. ಇರಾನಿನಲ್ಲಿ ಜನ ಷಾನನ್ನೇ ಕರ್ಬಲಾದಲ್ಲಿ ಹುಸೇನರನ್ನು ಕೊಲ್ಲಿಸಿದ ಯಜೀದ್ ಅಂದರು. ಮೊಹರಂನ ಒಂಬತ್ತು, ಹತ್ತನೇ ದಿನ, ಅಂದರೆ ಡಿಸೆಂಬರ್ 10 ಮತ್ತು 11ರಂದು ದೇಶದ ತುಂಬ ಮೆರವಣಿಗೆ. ಎರಡೂ ದಿನ ಸೇರಿ 60 ಲಕ್ಷದಿಂದ 90 ಲಕ್ಷ ಜನ ಅಂತ ಅಂದಾಜು ಇದೆ. ಆಗ ಅಲ್ಲಿನ ಜನಸಂಖ್ಯೆಯೇ ಮೂರೂವರೆ ಕೋಟಿ. ಅಷ್ಟು ಜನಕ್ಕೆ ಯಾವ ಸೈನ್ಯ ಗುಂಡು ಹೊಡೆಯುತ್ತೆ?

ಕಾವೇರಿಕಡಲು
ಮುದಗಲ್ ಅವರೇ, ಕರ್ಬಲಾ ಹೋಲಿಕೆ ಚೆನ್ನಾಗಿದೆ. ನಿಮ್ಮ ಕಡೆಯ ರಿವಾಯತ್ ಪದಗಳನ್ನು ಯಾರಾದರೂ ರೆಕಾರ್ಡ್ ಮಾಡಿಟ್ಟಿದ್ದಾರಾ? ವಿಷಯ ಬೇರೆ ಆಯಿತು, ಆದರೂ ಕೇಳಬೇಕು ಅನ್ನಿಸಿತು.

ಮುದಗಲ್_ಹುಡುಗ
ನಮ್ಮೂರಲ್ಲಿ ವಯಸ್ಸಾದವರು ಇನ್ನೂ ಹಾಡುತ್ತಾರೆ. ಮೊಹರಂಗೆ ಬನ್ನಿ, ಕೂತು ಕೇಳಬಹುದು.

ಜೋಯಿಸ್_ಇತಿಹಾಸ
ಸೆಪ್ಟೆಂಬರ್ 8 ಬಿಟ್ಟುಹೋಯಿತು. ಕಪ್ಪು ಶುಕ್ರವಾರ. ಸೇನಾಡಳಿತ ಘೋಷಣೆಯಾಗಿದ್ದು ಅವತ್ತು ಬೆಳಗ್ಗೆಯಷ್ಟೇ. ಎಷ್ಟೋ ಜನಕ್ಕೆ ಸುದ್ದಿಯೇ ಗೊತ್ತಿಲ್ಲದೆ ಟೆಹರಾನಿನ ಜಾಲೆ ಚೌಕಕ್ಕೆ ಬಂದಿದ್ದರು. ಸೈನ್ಯ ಗುಂಡು ಹಾರಿಸಿತು, ಸಾವಿರಾರು ಜನ ಸತ್ತರು.

ಕರಾವಳಿಕಣ್ಣು
ಸಾವಿರಾರು ಅಲ್ಲ ಸರ್. ಅವತ್ತು ಹಬ್ಬಿದ ಸುದ್ದಿ ಅದು. ಕ್ರಾಂತಿಯ ನಂತರ ಹುತಾತ್ಮರ ದಾಖಲೆ ನೋಡಿದ ಇರಾನಿನ ಸಂಶೋಧಕ ಇಮಾದುದ್ದೀನ್ ಬಾಘಿ ಕೊಟ್ಟ ಲೆಕ್ಕ ಚೌಕದಲ್ಲಿ 64, ಊರಿನ ಬೇರೆ ಕಡೆ 24. ಹೊಸ ಸರ್ಕಾರಕ್ಕೆ ಹುತಾತ್ಮರ ಸಂಖ್ಯೆ ಕಡಿಮೆ ತೋರಿಸುವ ಯಾವ ಲಾಭವೂ ಇರಲಿಲ್ಲ, ಹಾಗಾಗಿ ಈ ಲೆಕ್ಕ ನಂಬಬಹುದು. ಒಂದೇ ಬೆಳಗ್ಗೆ 88 ಜನ ಸತ್ತಿದ್ದು ಸಣ್ಣ ಮಾತಲ್ಲ. ಸೊನ್ನೆ ಸೇರಿಸುವ ಅಗತ್ಯ ಇಲ್ಲ.

ಜೋಯಿಸ್_ಇತಿಹಾಸ
ಲೆಕ್ಕ ಒಪ್ಪುತ್ತೇನೆ. ಆದರೆ ಅವತ್ತು ಟೆಹರಾನಿನಲ್ಲಿ ಇದ್ದವರು ನಂಬಿದ್ದು ಸಾವಿರಾರು ಅಂತಲೇ. ಷಾ ಜೊತೆ ರಾಜಿ ಮಾಡಿಕೊಳ್ಳೋಣ ಅನ್ನುತ್ತಿದ್ದ ಮಧ್ಯದ ದಾರಿಯವರು ಅವತ್ತಿನ ನಂತರ ಬಾಯಿ ಬಿಡಲಾಗಲಿಲ್ಲ. ಘಟನೆಯನ್ನು ಮುಂದಕ್ಕೆ ತಳ್ಳಿದ್ದು ಆ ನಂಬಿಕೆ.

ಕರಾವಳಿಕಣ್ಣು
ಹಾಗಾದರೆ ಅಬಾದಾನ್ ವಿಷಯವನ್ನೂ ಹೇಳಬೇಕು. ಆಗಸ್ಟ್ 19, ಆ ಊರಿನ ಸಿನಿಮಾ ರೆಕ್ಸ್ ಚಿತ್ರಮಂದಿರ. ಬಾಗಿಲು ಹಾಕಿತ್ತು, ಬೆಂಕಿ ಬಿತ್ತು, 400ರ ಆಸುಪಾಸು ಜನ ಒಳಗೇ ಸುಟ್ಟುಹೋದರು. ಇಡೀ ದೇಶ ಸಾವಾಕ್ ಮಾಡಿಸಿದ್ದು ಅಂತ ನಂಬಿತು. ಆಮೇಲೆ ಸಿಕ್ಕ ಸಾಕ್ಷಿಗಳು ಬೆಟ್ಟು ಮಾಡಿದ್ದು ಧಾರ್ಮಿಕ ಉಗ್ರರ ಕಡೆ. ಷಾ ನಿಜ ಹೇಳಿದರೂ ಯಾರೂ ನಂಬದ ಹಂತಕ್ಕೆ ಬಂದಿದ್ದ. ಪತ್ರಿಕೆಗಳ ಬಾಯಿ 25 ವರ್ಷ ಕಟ್ಟಿದ್ದರ ಫಲ ಅದು.

ಭದ್ರೆಮಗಳು
ಎಲ್ಲರೂ ಸಾವು, ಮೆರವಣಿಗೆ ಅಂತ ಬರೆಯುತ್ತಿದ್ದೀರಿ. ಸಿಂಹಾಸನ ಮುರಿದಿದ್ದು ಎಣ್ಣೆ ಕೆಲಸಗಾರರು. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಅಕ್ಟೋಬರ್‌ನಲ್ಲಿ ಮುಷ್ಕರ ಶುರುವಾಗುವ ಮುಂಚೆ ದಿನಕ್ಕೆ ಹತ್ತಿರ ಹತ್ತಿರ 60 ಲಕ್ಷ ಬ್ಯಾರೆಲ್ ಎಣ್ಣೆ ತೆಗೆಯುತ್ತಿದ್ದರು. ತಿಂಗಳ ಕೊನೆಗೆ ಅದು 15 ಲಕ್ಷದ ಆಸುಪಾಸಿಗೆ ಇಳಿಯಿತು. ಸೈನ್ಯವನ್ನು ಕಳಿಸಿ ಹೆದರಿಸಿದರು, ಸ್ವಲ್ಪ ಚೇತರಿಸಿತು. ಡಿಸೆಂಬರ್‌ನಲ್ಲಿ ಮತ್ತೆ ಕೆಲಸ ನಿಲ್ಲಿಸಿದರು. ವರ್ಷದ ಕೊನೆಗೆ ರಫ್ತು ಪೂರ್ತಿ ಬಂದ್. ಸಿಪಾಯಿ ಬಂದೂಕು ಹಿಡಿದು ಕೆಲಸಗಾರನನ್ನು ರಿಫೈನರಿ ಗೇಟಿನೊಳಗೆ ತಳ್ಳಬಹುದು. ಒಳಗೆ ಹೋದವನ ಕೈಯಲ್ಲಿ ವಾಲ್ವ್ ತಿರುಗಿಸಲು ಆಗುತ್ತಾ?

ಇನ್ನೂ ಕೇಳಿ. ವಿದ್ಯುತ್ ಇಲಾಖೆಯ ಕೆಲಸಗಾರರು ಸಂಜೆ ಸರ್ಕಾರಿ ಟಿವಿಯ ವಾರ್ತೆ ಶುರುವಾಗುವ ಹೊತ್ತಿಗೆ ಸರಿಯಾಗಿ ಕರೆಂಟ್ ತೆಗೆಯುತ್ತಿದ್ದರು. ಸುಂಕದ ಕಟ್ಟೆಯಲ್ಲಿ ಔಷಧಿ, ಮಕ್ಕಳ ಆಹಾರ, ಕಾಗದ ಇಷ್ಟನ್ನು ಮಾತ್ರ ಬಿಡುತ್ತಿದ್ದರು. ಕೇಂದ್ರ ಬ್ಯಾಂಕಿನ ಗುಮಾಸ್ತರು ಹೊರದೇಶಕ್ಕೆ ದುಡ್ಡು ಸಾಗಿಸಿದವರ ಪಟ್ಟಿಯನ್ನೇ ಹೊರಗೆ ಬಿಟ್ಟರು. ಇವರು ಯಾರೂ ಮುಲ್ಲಾಗಳಲ್ಲ. ಫೋರ್‌ಮನ್, ಲೈನ್‌ಮನ್, ಗುಮಾಸ್ತ. ಚರಿತ್ರೆ ಬರೆಯುವಾಗ ಗಡ್ಡದವರ ಫೋಟೋ ಹಾಕಿ ಇವರನ್ನು ಬಿಟ್ಟುಬಿಡುತ್ತಾರೆ.

ಕಲ್ಪತರುನಾಡು
ಭದ್ರೆಮಗಳು ಮೇಡಂ, ನಾನು ಹುಡುಕುತ್ತಿದ್ದ ಉತ್ತರ ಇದೇ. 1963ರಲ್ಲಿ ಕಚೇರಿ, ಕಾರ್ಖಾನೆ ಎಂದಿನಂತೆ ನಡೆದವು. 1978ರಲ್ಲಿ ಅವೇ ನಿಂತವು. ಆದರೂ ಒಂದು ಕೇಳಬೇಕು. ಮುಷ್ಕರ ಮಾಡಿದರೆ ಚಳಿಗಾಲದಲ್ಲಿ ಅವರ ಮನೆಗೂ ಸೀಮೆಎಣ್ಣೆ ಇರುವುದಿಲ್ಲ ಅಲ್ವಾ? ಹೇಗೆ ತಡೆದುಕೊಂಡರು?

ಭದ್ರೆಮಗಳು
ಒಳ್ಳೆ ಪ್ರಶ್ನೆ. ಡಿಸೆಂಬರ್ ಚಳಿಯಲ್ಲಿ ಟೆಹರಾನಿನಲ್ಲಿ ಸೀಮೆಎಣ್ಣೆಗೆ ಉದ್ದುದ್ದ ಸಾಲು. ಆಗ ಖೊಮೇನಿ ಷಾ ವಿರೋಧಿ ನಾಯಕ ಮೆಹದಿ ಬಾಜರ್ಗಾನ್ ನೇತೃತ್ವದಲ್ಲಿ ಒಂದು ಸಮಿತಿ ಮಾಡಿ ಎಣ್ಣೆ ಕೆಲಸಗಾರರ ಹತ್ತಿರ ಕಳಿಸಿದರು. ದೇಶದ ಜನಕ್ಕೆ ಬೇಕಾಗುವಷ್ಟು ಮಾತ್ರ ತೆಗೆಯುವುದು, ಹೊರಗೆ ಒಂದು ಹನಿ ಕಳಿಸುವುದಿಲ್ಲ ಅಂತ ಮಾತಾಯಿತು. ಇದು ಬಹಳ ದೊಡ್ಡ ವಿಷಯ. ಷಾ ಇನ್ನೂ ಅರಮನೆಯಲ್ಲೇ ಇದ್ದ, ಆದರೆ ಎಣ್ಣೆ ಎಷ್ಟು ತೆಗೆಯಬೇಕು ಅಂತ ಬೇರೆಯವರು ಹೇಳುತ್ತಿದ್ದರು, ಕೆಲಸಗಾರರು ಕೇಳುತ್ತಿದ್ದರು. ಸರ್ಕಾರ ಅವತ್ತೇ ಬದಲಾಗಿತ್ತು.

ನದಿದಂಡೆ
1979ರಲ್ಲಿ ನಮ್ಮೂರಲ್ಲೂ ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲು ನಿಂತಿದ್ದು ಅಮ್ಮ ಈಗಲೂ ಹೇಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಈಗ ಹೊಳೆಯಿತು.

ಕರಾವಳಿಕಣ್ಣು
ಖಂಡಿತ ಇದೆ. ಭಾರತಕ್ಕೆ ಬರುತ್ತಿದ್ದ ಎಣ್ಣೆಯಲ್ಲಿ ಇರಾನಿನದು ದೊಡ್ಡ ಪಾಲು. ಮದ್ರಾಸ್ ರಿಫೈನರಿ ಕಟ್ಟಿದ್ದೇ ಇರಾನಿನ ಎಣ್ಣೆ ಕಂಪನಿಯ ಪಾಲುದಾರಿಕೆಯಲ್ಲಿ.

ಕಳಸದವ
ಇಲ್ಲಿಯವರೆಗೆ ಯಾರೂ ಕುದುರೆಮುಖದ ಹೆಸರು ಎತ್ತಲಿಲ್ಲವಲ್ಲ!

ಆ ಗಣಿ ಹುಟ್ಟಿದ್ದೇ ಷಾನ ದುಡ್ಡಿನಿಂದ. 1975ರಲ್ಲಿ ಒಪ್ಪಂದ, 1976ರಲ್ಲಿ ಕಂಪನಿ. 63 ಕೋಟಿ ಡಾಲರ್ ಸಾಲ ಇರಾನ್ ಕೊಡಬೇಕು, ನಾವು 21 ವರ್ಷದಲ್ಲಿ 15 ಕೋಟಿ ಟನ್ ಅದಿರು ಕೊಡಬೇಕು. ಷಾ ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಕನಸಿನಲ್ಲಿದ್ದ. ಕಾಡು ಕಡಿದು ಗಣಿ ಮಾಡಿ, ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿ, ಅದಿರಿನ ಪುಡಿಯನ್ನು ನೀರಲ್ಲಿ ಕಲಸಿ ಘಾಟಿ ಇಳಿಸಿ ಮಂಗಳೂರಿಗೆ ಸಾಗಿಸಲು 67 ಕಿಲೋಮೀಟರ್ ಪೈಪ್ ಹಾಕಿದರು. 1980ಕ್ಕೆ ಎಲ್ಲ ಸಿದ್ಧ. ಕೊಳ್ಳುವವನೇ ಇಲ್ಲ! ಹೊಸ ಸರ್ಕಾರ ಅದಿರು ಬೇಡ ಅಂದಿತು. ಸಾಲದಲ್ಲಿ ಬಂದಿದ್ದು 25 ಕೋಟಿ ಡಾಲರ್ ಚಿಲ್ಲರೆ ಅಷ್ಟೇ.

ನಮ್ಮ ಮಾವ ಆ ಟೌನ್‌ಶಿಪ್‌ನಲ್ಲಿ ಫಿಟ್ಟರ್ ಆಗಿದ್ದರು. ಟೆಹರಾನಿನಲ್ಲಿ ದೊರೆ ಹೋದ ಸುದ್ದಿ ರೇಡಿಯೋದಲ್ಲಿ ಬಂದಾಗ ಕ್ಯಾಂಟೀನಿನಲ್ಲಿ ಎಲ್ಲರ ಮಾತು ಒಂದೇ, ನಮ್ಮ ಕೆಲಸ ಉಳಿಯುತ್ತಾ? ಕೆಲಸ ಉಳಿಯಿತು. ಬೇರೆ ದೇಶಗಳಿಗೆ ಮಾರಿದರು, 1987ರಲ್ಲಿ ಮಂಗಳೂರಲ್ಲಿ ಅದಿರಿನ ಉಂಡೆ ಮಾಡುವ ಪೆಲೆಟ್ ಕಾರ್ಖಾನೆಯೂ ಬಂತು.

ಸಾಸಿವೆಕಾಳು
ಆ ಗಣಿ ಬರದೇ ಇದ್ದಿದ್ದರೆ ಭದ್ರಾ ಹೊಳೆ ನೀರು ಕೆಂಪಾಗುತ್ತಿರಲಿಲ್ಲ. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದ ಮೇಲೆ ನಿಂತಿದ್ದು ಒಳ್ಳೆಯದೇ ಆಯಿತು.

ಕಳಸದವ
ಹೊಳೆಯ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಕೆಲಸ ಹೋದ ಮನೆಗಳನ್ನೂ ನೋಡಿದ್ದೇನೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ಬೇಡ.

ತೇಜು_ಬೆಂಗಳೂರು
ಗುರು, ಷಾಗೆ ಕ್ಯಾನ್ಸರ್ ಇತ್ತು ಅಂತಾರಲ್ಲ, ಅದು ನಿಜಾನಾ? ಅದೇ ಕಾರಣ ಇರಬಹುದಾ?

ಮಲ್ಲಿಗೆಹಳ್ಳಿ
ನಿಜ. 1974ರಲ್ಲೇ ಫ್ರೆಂಚ್ ವೈದ್ಯರಿಗೆ ಗೊತ್ತಾಗಿತ್ತು. ರಾಣಿಗೂ ಎಷ್ಟೋ ಕಾಲ ಹೇಳಿರಲಿಲ್ಲ. ಅಮೆರಿಕದವರಿಗೂ ಗೊತ್ತಿರಲಿಲ್ಲ. 1978ರಲ್ಲಿ ಆತ ಒಂದು ದಿನ ಬಿಗಿ, ಒಂದು ದಿನ ಸಡಿಲ. ನವೆಂಬರ್ 6ಕ್ಕೆ ಟಿವಿಯಲ್ಲಿ ಬಂದು ನಿಮ್ಮ ಕ್ರಾಂತಿಯ ದನಿ ಕೇಳಿಸಿಕೊಂಡೆ ಅಂದ. ಅದೇ ದಿನ ಸೇನಾಧಿಕಾರಿಯನ್ನು ಪ್ರಧಾನಿ ಮಾಡಿದ. ಹದಿಮೂರು ವರ್ಷ ತನ್ನ ಪ್ರಧಾನಿಯಾಗಿದ್ದ ಹೊವೇದಾನನ್ನೇ ಎರಡು ದಿನ ಬಿಟ್ಟು ಜೈಲಿಗೆ ಹಾಕಿಸಿದ. ಅದನ್ನು ನೋಡಿದ ಮೇಲೆ ಯಾವ ಅಧಿಕಾರಿ ಅವನಿಗಾಗಿ ಪ್ರಾಣ ಕೊಡುತ್ತಾನೆ? ಹೊವೇದಾ ಆ ಜೈಲಿನಿಂದ ನೇರ ಹೊಸಬರ ಕೈಗೆ ಸಿಕ್ಕ. 1979ರ ಏಪ್ರಿಲ್‌ನಲ್ಲಿ ಕೊಂದರು.

ಹಳೇಪೇಟೆ
ಕಾಯಿಲೆ ದೊಡ್ಡ ಕಾರಣ ಅಂತ ನಾನು ಒಪ್ಪುವುದಿಲ್ಲ. ಗಟ್ಟಿಮುಟ್ಟಾಗಿದ್ದ ದೊರೆಯಾದರೂ ನಿಂತುಹೋದ ರಿಫೈನರಿಯನ್ನು ಏನು ಮಾಡುತ್ತಿದ್ದ?

ಮುದಗಲ್_ಹುಡುಗ
ಕ್ಯಾಸೆಟ್ ವಿಷಯ ಬರಲಿಲ್ಲ. ಅಕ್ಟೋಬರ್‌ನಲ್ಲಿ ಇರಾಕ್ ಅಲ್ಲಿ ದೇಶಭ್ರಷ್ಟರಾಗಿದ್ದ ಖೊಮೇನಿಯನ್ನು ಹೊರಗೆ ಕಳಿಸಿತು. ಪ್ಯಾರಿಸ್ ಹತ್ತಿರದ ಹಳ್ಳಿ ನೋಫ್ಲ್-ಲ-ಶಾತೋಗೆ ಹೋದರು. ದೂರ ಹೋದರೆ ದನಿ ಕೇಳಿಸುವುದಿಲ್ಲ ಅಂತ ಷಾ ಅಂದುಕೊಂಡಿದ್ದ. ಆಗಿದ್ದು ತಿರುಗಾಮುರುಗಾ. ಅಲ್ಲಿಂದ ಟೆಹರಾನಿಗೆ ಫೋನ್ ಸಿಗುತ್ತಿತ್ತು. ಈ ಕಡೆ ಫೋನಿಗೆ ಟೇಪ್ ರೆಕಾರ್ಡರ್ ಹಿಡಿದು ಭಾಷಣ ತುಂಬಿಸಿಕೊಂಡು, ರಾತ್ರಿಯೆಲ್ಲ ಪ್ರತಿ ಮಾಡಿ ಬಜಾರ್‌ನಲ್ಲಿ ಹಂಚುತ್ತಿದ್ದರು.

ಕರಾವಳಿಕಣ್ಣು
ಕೊನೆಯ ಮೂರು ದಿನವನ್ನೂ ಸೇರಿಸಿ. ಖೊಮೇನಿ ಫೆಬ್ರವರಿ 1ಕ್ಕೆ ಬಂದರು. ಫೆಬ್ರವರಿ 9ರ ರಾತ್ರಿ ದೋಶಾನ್ ತಪ್ಪೆ ವಾಯುನೆಲೆಯಲ್ಲಿ ವಾಯುಸೇನೆಯ ತಂತ್ರಜ್ಞರು ದಂಗೆ ಎದ್ದರು. ದೊರೆಯ ಖಾಸಾ ಪಡೆ ಅವರ ಮೇಲೆ ಬಿತ್ತು. ಅಕ್ಕಪಕ್ಕದ ಬೀದಿಯ ಜನ, ಎಡಪಂಥೀಯ ಗೆರಿಲ್ಲಾಗಳು ತಂತ್ರಜ್ಞರ ಜೊತೆ ನಿಂತರು. ಶಸ್ತ್ರಾಗಾರ ಒಡೆದು ಬಂದೂಕು ಹಂಚಿದರು. 11ಕ್ಕೆ ಸೇನೆ ತಟಸ್ಥ ಅಂತ ರೇಡಿಯೋದಲ್ಲಿ ಬಂತು. ಕಲ್ಪತರುನಾಡು ಅವರು ಶುರುವಲ್ಲಿ ಎಣಿಸಿದ ಎಫ್-14ಗಳನ್ನು ನೋಡಿಕೊಳ್ಳುತ್ತಿದ್ದ ದಳದ ಜನವೇ ಕೊನೇ ಪೆಟ್ಟು ಕೊಟ್ಟಿದ್ದು.

ತುಂಗಾತೀರೆ
ಇಷ್ಟು ಹೊತ್ತು ಓದಿದೆ. ಹೆಂಗಸರ ಬಗ್ಗೆ ಸಾಸಿವೆಕಾಳು ಒಂದು ಸಾಲು ಕೇಳಿದರು, ಯಾರೂ ಉತ್ತರ ಕೊಡಲಿಲ್ಲ.

ಮೆರವಣಿಗೆಗಳಲ್ಲಿ ಹೆಂಗಸರು ಲಕ್ಷಗಟ್ಟಲೆ ಇದ್ದರು. ಕಾಲೇಜಿನ ಎಷ್ಟೋ ಹುಡುಗಿಯರು ಷಾಗೆ ವಿರೋಧ ತೋರಿಸಲೆಂದೇ ಚಾದರ ಹೊದ್ದರು. 1936ರಲ್ಲಿ ಅವನ ಅಪ್ಪ ಪೊಲೀಸರನ್ನು ಬಿಟ್ಟು ಅದನ್ನು ಕೀಳಿಸಿದ್ದ, ಅದಕ್ಕೆ. ಗೆದ್ದು ಒಂದು ತಿಂಗಳೂ ಆಗಿರಲಿಲ್ಲ, ಕಚೇರಿಗೆ ಹೋಗುವ ಹೆಂಗಸರು ತಲೆ ಮುಚ್ಚಿಕೊಂಡೇ ಹೋಗಬೇಕು ಅಂತ ಖೊಮೇನಿ ಹೇಳಿದರು. ಕುಟುಂಬ ರಕ್ಷಣಾ ಕಾನೂನು ಅಷ್ಟರಲ್ಲೇ ಮೂಲೆಗೆ ಹೋಗಿತ್ತು. 1979ರ ಮಾರ್ಚ್ 8ಕ್ಕೆ ಹಿಮ ಬೀಳುತ್ತಿದ್ದ ಟೆಹರಾನಿನಲ್ಲಿ ಸಾವಿರಾರು ಹೆಂಗಸರು ಬೀದಿಗೆ ಬಂದರು. ನಾವು ಕ್ರಾಂತಿ ಮಾಡಿದ್ದು ಹಿಂದಕ್ಕೆ ಹೋಗಲಿಕ್ಕಲ್ಲ ಅಂತ ಕೂಗಿದರು. ದೊಣ್ಣೆ, ಚಾಕು ಹಿಡಿದವರು ಅವರ ಮೇಲೆ ಬಿದ್ದರು. ಜೊತೆಗೆ ಕ್ರಾಂತಿ ಮಾಡಿದ್ದ ಗಂಡಸರಲ್ಲಿ ಬಹಳ ಜನ, ಎಡಪಂಥದವರೂ ಸೇರಿ, ಈಗ ಇದು ಮುಖ್ಯ ಅಲ್ಲ ಅಂದರು. ದೇಶದ ಮೊದಲ ಮಹಿಳಾ ಮಂತ್ರಿ ಫರ್ರೂಖ್‌ರೂ ಪಾರ್ಸಾ ಅವರನ್ನು 1980ರಲ್ಲಿ ಕೊಂದರು. ಶಿಕ್ಷಣ ಮಂತ್ರಿಯಾಗಿದ್ದವರು.

ಹಾಗಂತ ಷಾ ಇರಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಆ ಹೆಂಗಸರೂ ಹಾಗೆ ಹೇಳಲಿಲ್ಲ.

ಸಾಸಿವೆಕಾಳು
ನನ್ನ ಮಾತೂ ಅದೇ. ಬೀಳಿಸಿದವರಿಗೆ ಮುಂದೆ ಏನು ಬೇಕು ಅಂತ ಗೊತ್ತಿರಲಿಲ್ಲ.

ಭದ್ರೆಮಗಳು
ಗೊತ್ತಿರಲಿಲ್ಲ ಅನ್ನಬೇಡಿ. ಕೆಲಸಗಾರರು ಕಾರ್ಖಾನೆಗಳಲ್ಲಿ ಶೂರಾ ಅಂತ ತಮ್ಮದೇ ಸಮಿತಿ ಮಾಡಿಕೊಂಡು ನಡೆಸಲು ಶುರು ಮಾಡಿದ್ದರು. ಕುರ್ದರು ಸ್ವಾಯತ್ತತೆ ಕೇಳಿದರು. ವಕೀಲರು, ಬರಹಗಾರರು ಸಂವಿಧಾನ ಬೇಕು ಅಂದರು. ಪ್ರತಿಯೊಬ್ಬರಿಗೂ ಗೊತ್ತಿತ್ತು, ಎಲ್ಲರಿಗೂ ಬೇರೆ ಬೇರೆ ಗೊತ್ತಿತ್ತು. ಮಾರ್ಚ್ 30 ಮತ್ತು 31ರ ಜನಮತಗಣನೆಯಲ್ಲಿ ಕೇಳಿದ್ದು ಮಾತ್ರ ಒಂದೇ ಪ್ರಶ್ನೆ: ಇಸ್ಲಾಮಿಕ್ ಗಣರಾಜ್ಯ, ಹೌದೋ ಅಲ್ಲವೋ. ಹಸಿರು ಚೀಟಿ ಹೌದು, ಕೆಂಪು ಚೀಟಿ ಅಲ್ಲ. 98 ಪ್ರತಿಶತಕ್ಕಿಂತ ಜಾಸ್ತಿ ಹೌದು. ಬೇರೆ ಯಾವ ಚೀಟಿಯೂ ಇರಲಿಲ್ಲ.

ಹಳೇಪೇಟೆ
ಅದನ್ನು ತಪ್ಪು ಅನ್ನುವುದು ಈಗ ಸುಲಭ. ಅವತ್ತು ಅಲ್ಲ ಅಂತ ಒತ್ತಿದರೆ ಷಾ ಬೇಕು ಅಂದಹಾಗೆ ಆಗುತ್ತಿತ್ತು. ಬಹಳ ಜನ ಅದಕ್ಕೇ ಹೌದು ಅಂದರು.

ತುಂಗಾತೀರೆ
ಆ ಚೀಟಿಯನ್ನು ಹಾಗೆ ಅಚ್ಚು ಹಾಕಿದವರು ಯಾರು ಸರ್? ಅದನ್ನೂ ಕೇಳಬೇಕು.

ಕಲ್ಪತರುನಾಡು
ಕೇಳೋಣ. 1979ರ ಫೆಬ್ರವರಿಯಿಂದ 1981ರ ಜೂನ್‌ನಲ್ಲಿ ಅಧ್ಯಕ್ಷ ಬನಿ ಸದ್ರ್ ಅವರನ್ನು ಇಳಿಸುವ ತನಕ ಏನೇನಾಯಿತು ಅಂತ ನಾಳೆ ಇದರ ಕೆಳಗೇ ಬರೆಯುತ್ತೇನೆ. ಶೂರಾಗಳ ಬಗ್ಗೆ ಭದ್ರೆಮಗಳು ಮೇಡಂ, ಮಾರ್ಚ್ ಮೆರವಣಿಗೆ ಬಗ್ಗೆ ತುಂಗಾತೀರೆ ಅವರು ಇನ್ನೂ ವಿವರ ಸೇರಿಸಿ.